ಪೂಲ್ ಟೇಬಲ್ಲಿನ ಕೆಳಗೆ ಅಪ್ಪನ ಮಂಚ

ನಾನು ಹುಟ್ಟಾ ಪುಕ್ಕಲ. ಮಂಡ್ಯದ ಆಫೀಸಿಗೆಂದು ಬೈಕಿನಲ್ಲಿ ಹೊರಟು, ಮದ್ದೂರು ಕಳೆದು ಹನಕೆರೆಯೂ ದಾಟಿದ ಮೇಲೆ, ಗೀಸರ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ ವಾಪಸ್ ಮನೆಗೆ ಬಂದವನು. ನಮ್ಮ ಮನೆ ಇರುವುದು ಮದ್ದೂರಿನಾಚೆ, ಕೊಪ್ಪದ ಕಡೆಯ ಒಂದು ಹಳ್ಳಿಯಲ್ಲಿ. ಅಷ್ಟು ದೂರ ಹಿಂದಿರುಗಿ, ಹೆಲ್ಮೆಟ್ಟೂ ತೆಗೆಯದೆ ಬಚ್ಚಲಿಗೆ ನುಗ್ಗಿದ ನನ್ನನ್ನು ನೋಡಿ ಹೆಂಡತಿ, "ಮನೇಲಿ ನಾವ್ಯಾರೂ ಇಲ್ವಾ? ಫೋನ್ ಅನ್ನೋದೊಂದು ಜೇಬಲ್ಲಿ ಇಲ್ವಾ?" ಅಂದಳು. ಫೋನ್ ಮಾಡಬಹುದಿತ್ತು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಗೀಸರ್ ಆಫ್ ಆಗಿತ್ತು.

ಇಂಥ ನನಗೆ ಭಯವಿಲ್ಲದ ಜಾಗ ಅಂತ ಒಂದಿತ್ತು. ಮಂಡ್ಯದಲ್ಲಿ ಡಿಗ್ರಿ ಓದುವಾಗ ಕಾಲೇಜಿನ ಹತ್ತಿರ, ಬೇಕರಿಯೊಂದರ ಮೇಲಿನ ಕತ್ತಲೆ ಹಾಲಿನಲ್ಲಿ ಪೂಲ್ ಆಡಿಸುತ್ತಿದ್ದರು, ಹಸಿರು ಬಟ್ಟೆ ಹೊದಿಸಿದ ಟೇಬಲ್ಲಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಮೂಲೆಯ ತೂತಿಗೆ ಬೀಳಿಸುವ ಆಟ. ಮಧ್ಯಾಹ್ನದ ಕ್ಲಾಸಿಗೆ ಚಕ್ಕರ್ ಹಾಕಿ ಅಲ್ಲಿ ನಿಲ್ಲುತ್ತಿದ್ದೆ. ಬಗ್ಗಿ, ಒಂದು ಕಣ್ಣು ಸಣ್ಣ ಮಾಡಿ, ಕೋಲನ್ನು ಬೆರಳಿನ ಮೇಲೆ ಇಟ್ಟುಕೊಂಡರೆ ಸಾಕು, ಪರೀಕ್ಷೆ, ಫಲಿತಾಂಶ, ಮುಂದೇನು ಎನ್ನುವ ಯಾವ ಯೋಚನೆಯೂ ತಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಆಮೇಲೆ ಕೆಲಸ, ಮದುವೆ, ಮಗಳು ಅಂತ ಆಗಿ ಆ ಹಾಲಿನ ಕಡೆ ಹೋಗಿಯೇ ಇರಲಿಲ್ಲ. ಹೋದ ವರ್ಷ ಮಳವಳ್ಳಿಯಲ್ಲಿ ಯಾರೋ ತಮ್ಮ ಪೂಲ್ ಪಾರ್ಲರ್ ಮುಚ್ಚಿ ಜಿಮ್ ಮಾಡುತ್ತಾರಂತೆ, ಟೇಬಲ್ ಕೊಡುತ್ತಾರಂತೆ ಎಂದು ಸ್ನೇಹಿತನೊಬ್ಬ ಫೋಟೋ ಕಳಿಸಿದ. ಆ ಹಸಿರು ಬಟ್ಟೆ ನೋಡಿದ ಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಆ ಭಾನುವಾರವೇ ಹೋಗಿ ಮಾತು ಕೊಟ್ಟು ಬಂದೆ.

ಮಾತು ಕೊಟ್ಟಾಗ ನನಗೆ ಗೊತ್ತಿಲ್ಲದಿದ್ದ ವಿಷಯ ಒಂದೇ: ಆ ಬಟ್ಟೆಯ ಕೆಳಗೆ ಇರುವುದು ಕಲ್ಲು. ಅಷ್ಟು ವರ್ಷ ಆಡಿದ್ದೆನಲ್ಲ, ಒಂದು ದಿನವೂ ಬಗ್ಗಿ ಕೆಳಗೆ ನೋಡಿದವನಲ್ಲ. ಕೇರಂ ಬೋರ್ಡಿನ ಹಾಗೆ ಹಲಗೆ ಇರುತ್ತದೆ ಅಂತಲೇ ತಿಳಿದಿದ್ದೆ. ಟೇಬಲ್ ಬಿಚ್ಚುವ ದಿನ ಮೈಸೂರಿನಿಂದ ಬಂದ ಫಿಟ್ಟರ್ ಬಟ್ಟೆ ಸುಲಿದು ತೆಗೆದಾಗ ಕೆಳಗೆ ಕಪ್ಪು ಸ್ಲೇಟಿನ ಮೂರು ಚಪ್ಪಡಿ ಕಂಡವು. ಒಂದೊಂದನ್ನು ಎತ್ತಲು ನಾಲ್ಕು ಆಳು ಉಸಿರು ಬಿಗಿಹಿಡಿಯಬೇಕಾಯಿತು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಒಂದಡಿ ದಪ್ಪ ಬತ್ತದ ಹುಲ್ಲು ಹಾಸಿ, ಚಪ್ಪಡಿಗಳನ್ನು ಅದರ ಮೇಲೆ ಮಲಗಿಸಿ, ಮತ್ತೆ ಹುಲ್ಲು ಮುಚ್ಚಿ ಹಗ್ಗ ಕಟ್ಟಿದೆವು. ಮಳವಳ್ಳಿಯಿಂದ ಮದ್ದೂರಿಗೆ ಬರುವ ದಾರಿಯುದ್ದಕ್ಕೂ ನಾನು ಟ್ರೇಲರಿನ ಹಿಂದೆ ಬೈಕಿನಲ್ಲಿ, ರಸ್ತೆಯ ಪ್ರತಿ ಉಬ್ಬಿಗೂ ಹಲ್ಲು ಕಚ್ಚಿಕೊಂಡು ಬಂದೆ. ಒಂದು ಚಪ್ಪಡಿ ಬಿರುಕು ಬಿಟ್ಟರೂ ಉಳಿದೆರಡು ಬಟ್ಟೆ ಒಗೆಯಲಿಕ್ಕೆ ಅಂತ ಫಿಟ್ಟರ್ ಮೊದಲೇ ಹೆದರಿಸಿದ್ದ.

ಟೇಬಲ್ ಇಡಲು ಕೆಳಗೆ ಜಾಗವಿಲ್ಲ. ನಡುಮನೆ ಇಕ್ಕಟ್ಟು. ಜಾಗ ಇದ್ದದ್ದು ಮಹಡಿಯ ಹಾಲಿನಲ್ಲಿ. ತಂಗಿಯ ಮದುವೆಗೆ ನೆಂಟರು ಮಲಗಲಿ ಅಂತ ಅಪ್ಪ ಕಟ್ಟಿಸಿದ ಹಾಲು ಅದು, ಮದುವೆ ಮುಗಿದ ಮೇಲೆ ಖಾಲಿ ಬಿದ್ದಿತ್ತು. ಅಲ್ಲಿಗೇ ಹೊತ್ತೆವು. ಮೆಟ್ಟಿಲ ತಿರುವಿನಲ್ಲಿ ಎರಡನೇ ಚಪ್ಪಡಿ ಸಿಕ್ಕಿಹಾಕಿಕೊಂಡು, ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ನಿಂತಾಗ, ಕೆಳಗಿನಿಂದ ಅವ್ವ, "ಅಯ್ಯೋ, ಈ ಚಂದಕ್ಕೆ ಒಂದು ಬಟ್ಟೆ ಒಗ್ಯೋ ಕಲ್ಲು ತಂದಿದ್ರೆ ನಂಗಾರ ಉಪ್ಯೋಗಕ್ ಆಗೋದು ಕಣಪ್ಪ" ಅಂದಳು. ಹೊತ್ತಿದ್ದವರು ನಕ್ಕುಬಿಟ್ಟರೆ ಕಲ್ಲು ಕೈಬಿಟ್ಟು ಹೋಗುತ್ತದಲ್ಲ ಅಂತ ನನಗೆ ಅವ್ವನ ಮೇಲೆ ಕೆಟ್ಟ ಕೋಪ ಬಂತು.

ಫಿಟ್ಟರ್ ಸಂಜೆಯವರೆಗೂ ಕೆಲಸ ಮಾಡಿದ. ಕಾಲುಗಳನ್ನು ತಿರುಗಿಸಿ ಎತ್ತರ ಹೊಂದಿಸಿ, ರಸಮಟ್ಟ ಇಟ್ಟು ಸಮ ಕೂತಿದೆಯಾ ನೋಡಿ, ಚಪ್ಪಡಿಗಳ ಸಂದಿಗೆ ಮೇಣ ತುಂಬಿ ಉಜ್ಜಿ, ಹೊಸ ಬಟ್ಟೆ ಎಳೆದು ಹೊಡೆದ. ಎಲ್ಲ ಮುಗಿಸಿ ಕೈ ತೊಳೆಯುವಾಗ, "ಸಾರ್, ಇದ್ರ ಕೆಳಗಡೆ ಯಾವ ರೂಮು ಬರುತ್ತೆ?" ಅಂತ ಕೇಳಿದ.

"ಅಪ್ಪ-ಅವ್ವನ ರೂಮು. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ" ಅಂದ.

ಅವನು ಮೈಸೂರು ಬಸ್ಸು ಹತ್ತಿ ಹೋದ. ಆ "ಸುಮ್ನೆ ಕೇಳ್ದೆ" ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು. ಯಾರಾದರೂ ಸುಮ್ಮನೆ ಕೇಳುತ್ತಾರಾ? ಒಂದು ಒಳ್ಳೆಯ ಎತ್ತಿನ ತೂಕದ ಕಲ್ಲನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ್ದೇನೆ. ಅದರ ಕೆಳಗೆ ಹಳೆಯ ಕಾಂಕ್ರೀಟು. ನಮ್ಮ ಕಡೆ ಅದಕ್ಕೆ ಮೋಲ್ಡ್ ಅನ್ನುವುದು. ನಾನು ಹೈಸ್ಕೂಲಿನಲ್ಲಿ ಇದ್ದಾಗ ಹಾಕಿದ ಮೋಲ್ಡ್. ಎಷ್ಟು ಕಂಬಿ ಕಟ್ಟಿದ್ದರು, ಎಷ್ಟು ಸಿಮೆಂಟು ಬಿದ್ದಿತ್ತು, ಯಾರಿಗೆ ಗೊತ್ತು? ಅದರ ಕೆಳಗೆ ಅವ್ವ ಮಲಗುತ್ತಾಳೆ. ಅಪ್ಪ ಬೇಸಿಗೆ ಮಳೆ ಅನ್ನದೆ ಜಗಲಿಯಲ್ಲಿ ಮಂಚ ಹಾಕಿಕೊಳ್ಳುವವನು, ಹಾಗಾಗಿ ಅವನ ಯೋಚನೆ ಇರಲಿಲ್ಲ.

ಮರುದಿನ ಅವ್ವನ ರೂಮಿಗೆ ಹೋಗಿ ತಲೆ ಎತ್ತಿ ನೋಡಿದೆ. ಫ್ಯಾನಿನ ಹತ್ತಿರದಿಂದ ಗೋಡೆಯ ಕಡೆಗೆ ಕೂದಲೆಳೆಯಂಥ ಒಂದು ಬಿರುಕು. ಅದು ಮೊದಲಿನಿಂದಲೂ ಇತ್ತೋ, ಈಗ ಬಂತೋ? ಎಷ್ಟು ನೆನಪು ಮಾಡಿಕೊಂಡರೂ ಗೊತ್ತಾಗಲಿಲ್ಲ. ಬೆಳೆದ ಮನೆಯ ಚಾವಣಿಯನ್ನು ಯಾರು ನೋಡಿಟ್ಟುಕೊಂಡಿರುತ್ತಾರೆ? ಫೋನಿನಲ್ಲಿ ಹಳೆಯ ಫೋಟೋಗಳನ್ನು ಹುಡುಕಿದೆ. ಮಗಳ ಹುಟ್ಟುಹಬ್ಬದ್ದೊಂದು ಸಿಕ್ಕಿತು, ಅದೇ ರೂಮು, ಅದೇ ಫ್ಯಾನು, ಬಿರುಕು ಇರಬೇಕಾದ ಜಾಗದಲ್ಲಿ ಸರಿಯಾಗಿ ಒಂದು ಕೆಂಪು ಬಲೂನು. ಆ ಬಲೂನು ಕಟ್ಟಿದವನೂ ನಾನೇ. ಕೊನೆಗೆ ಸ್ಟೂಲು ಹತ್ತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀಟು ಎಳೆದು ಇಳಿದೆ. ಬೆಳೆದರೆ ಗೊತ್ತಾಗಲಿ ಅಂತ.

ನಮ್ಮ ಆಫೀಸಿನಲ್ಲಿ ಕಟ್ಟಡದ ಕೆಲಸ ಗೊತ್ತಿದ್ದ ಒಬ್ಬ ಇಂಜಿನಿಯರ್ ಇದ್ದಾನೆ. ಅವನ ಕೈಕಾಲು ಹಿಡಿದು ಒಂದು ಶನಿವಾರ ಮನೆಗೆ ಕರೆತಂದೆ. ಅಪ್ಪ ಗದ್ದೆಗೆ ಹೋಗಿರುವ ಹೊತ್ತು ನೋಡಿಯೇ ಕರೆತಂದೆ. ಯಾಕೆಂದರೆ ಆ ಮೋಲ್ಡ್ ಅಪ್ಪನಿಗೆ ಬರೀ ಚಾವಣಿಯಲ್ಲ. ಹೆಂಚಿನ ಮನೆಯಲ್ಲಿ ಹುಟ್ಟಿದ ಅಪ್ಪ ತನ್ನ ಕೈಯಾರೆ ಎಬ್ಬಿಸಿದ ಮನೆ ಇದು. ಮೋಲ್ಡ್ ಹಾಕುವ ದಿನ ಕುರಿಮರಿ ಕಡಿದು, ಕಂಬಿ ಕಟ್ಟಿದವರಿಂದ ಹಿಡಿದು ಬಾಣಲಿ ಹೊತ್ತ ಹೆಂಗಸರವರೆಗೆ ಎಲ್ಲರಿಗೂ ಹೊಟ್ಟೆ ತುಂಬ ಬಾಡೂಟ ಹಾಕಿಸುವುದು ನಮ್ಮ ಕಡೆ ಪದ್ಧತಿ. ಅಪ್ಪ ಒಂದಲ್ಲ, ಎರಡು ಮರಿ ಕಡಿಸಿದ್ದ. ಆ ಊಟದ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಬರುತ್ತದೆ.

ಇಂಜಿನಿಯರ್ ಸ್ಟೂಲು ಹತ್ತಿ ಬೆರಳ ಗಂಟಿನಿಂದ ಚಾವಣಿ ತಟ್ಟಿದ. ಕಿವಿ ಕೊಟ್ಟು ಕೇಳಿದ. "ಮೇಲ್ನೋಟಕ್ಕೆ ಪರವಾಗಿಲ್ಲ. ಆದ್ರೆ ಒಳಗೆ ಕಂಬಿ ಎಷ್ಟಿದೆ ಅಂತ ನೋಡದೆ ಹೇಳಕ್ಕಾಗಲ್ಲ. ಒಂದೆರಡು ಕಡೆ ಡ್ರಿಲ್ ಹಾಕಿದ್ರೆ..." ಅಂದ. ಅಷ್ಟರಲ್ಲಿ ಬಾಗಿಲಲ್ಲಿ ಕೆಸರು ಕಾಲಿನ ಅಪ್ಪ ನಿಂತಿದ್ದ. ನಾಲೆಯಲ್ಲಿ ನೀರು ಬರುವುದು ನಿಂತಿತ್ತಂತೆ, ಬೇಗ ಬಂದುಬಿಟ್ಟಿದ್ದ.

"ಯಾರ್ ಮನೆಗ್ಲಾ ತೂತ ಆಕೋದು?"

ನಾನು ಟೇಬಲ್ಲು, ಭಾರ, ಬಿರುಕು ಅಂತ ತಡವರಿಸಿದೆ. ಅಪ್ಪ ತಲೆ ಎತ್ತಿ ನನ್ನ ಪೆನ್ಸಿಲ್ ಗೀಟುಗಳನ್ನು ನೋಡಿದ.

"ಲೇ, ಈ ಮೋಲ್ಡ್ ಮ್ಯಾಲೆ ಆ ಕಾಲ್ದಲ್ಲಿ ಒಂದ್ ವರ್ಸದ ಬತ್ತ ಮೂಟೆ ಜೋಡ್ಸಿದ್ದೋ. ನಿನ್ ತಂಗಿ ಮದ್ವೇಲಿ ಊರ್ಗೆ ಊರೇ ಮ್ಯಾಲೆ ಕುಂತು ಉಂಡದೆ. ಅವತ್ತೆಲ್ಲ ಬೀಳ್ದಿದ್ದು ನಿನ್ ಗೋಲಿ ಆಡೋ ಟೇಬಲ್ಗೆ ಬಿದ್ದೋಯ್ತದಾ? ನನ್ ಮನೇಲಿ ಅಂಗೆ ಬಾಡು ಉಂಡೋರು ಸಿಮೆಂಟ್ ಕದ್ದಾರಾ?"

"ಅದಲ್ಲ ಕಣಪ್ಪ, ಮೂಟೆ ಭಾರ ಎಲ್ಲಾ ಕಡೆ ಅಂಚ್ಕೊಂಡಿರ್ತದೆ, ಇದು ಕಾಲಿನ್ ಮೇಲೆ..."

"ಸೆಂಟ್ರಿಂಗ್ ಕಂಬ, ಹಲ್ಗೆ ಬಿಚ್ಚೋ ದಿವ್ಸ ಮೇಸ್ತ್ರಿ ಇದ್ರ ಕೆಳೀಕೇ ನಿಂತಿದ್ದ, ಗೊತ್ತಾ ನಿಂಗೆ? ಬಿದ್ರೆ ನನ್ ಮ್ಯಾಲೆ ಬೀಳ್ಲಿ ಅಂತ. ಈಗ ಅವ್ನಿಲ್ಲ. ನಾ ಇವ್ನಿ."

ಆಮೇಲೆ ಇಂಜಿನಿಯರ್ ಕಡೆ ತಿರುಗಿ, "ಕಾಪಿ ಕುಡ್ಕಂಡ್ ಓಗಪ್ಪ. ತೂತ ಮಾತ್ರ ಬ್ಯಾಡ" ಅಂದ. ಪಾಪ, ಅವನು ನಿಂತುಕೊಂಡೇ ಕಾಫಿ ಕುಡಿದು ಹೋದ. ಅವನ ಬೈಕು ತಿರುವು ದಾಟುವ ಮೊದಲೇ ಅಪ್ಪ ಜಗಲಿಯಲ್ಲಿದ್ದ ತನ್ನ ಮಂಚವನ್ನು ಒಬ್ಬನೇ ದರದರ ಎಳೆದುಕೊಂಡು ಒಳಗೆ ತಂದ. ಟೇಬಲ್ಲು ಸರಿಯಾಗಿ ಯಾವ ಜಾಗದ ಮೇಲೆ ಬರುತ್ತದೆ ಎಂದು ಮಹಡಿಗೆ ಹೋಗಿ ನೋಡಿಕೊಂಡು ಬಂದು, ಅದರ ನಟ್ಟನಡುವೆ ಮಂಚ ಹಾಕಿಕೊಂಡ. ಜಗಲಿ ಬಿಟ್ಟು ಒಂದು ದಿನವೂ ಬೇರೆಡೆ ಮಲಗದ ಮನುಷ್ಯ. ನಾನು ಬೇಡ ಅಂದೆ, ಹೆಂಡತಿ ಬೇಡ ಅಂದಳು. "ನನ್ ಮೋಲ್ಡು, ನನ್ ಮಂಚ" ಅಂದ.

ಅವತ್ತಿನಿಂದ ನನ್ನ ಆಟ ನೋಡಬೇಕಿತ್ತು. ಮಹಡಿಯಲ್ಲಿ ನಾನು ಚಪ್ಪಲಿ ಬಿಟ್ಟು, ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತ ಟೇಬಲ್ ಸುತ್ತುತ್ತಿದ್ದೆ. ಬಗ್ಗುವಾಗ ಮೈಯ ಭಾರ ಟೇಬಲ್ಲಿಗೆ ಬೀಳದಂತೆ ಸೊಂಟ ಹಿಡಿದು ನಿಲ್ಲುತ್ತಿದ್ದೆ. ಆಫೀಸಿನ ಇಬ್ಬರು ಸ್ನೇಹಿತರು ಆಡಲಿಕ್ಕೆ ಬಂದರೆ ಅವರ ಕೈಗೆ ಕೋಲು ಕೊಡುವ ಮೊದಲು ಹೊಟ್ಟೆಯ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು. "ಒಬ್ಬೊಬ್ಬರಾಗಿ ಬನ್ನಿ, ಇಬ್ಬರೂ ಒಂದೇ ಕಡೆ ನಿಲ್ಲಬೇಡಿ" ಅಂದರೆ ಅವರು ನಗುತ್ತಿದ್ದರು. ಮೆಲ್ಲಗೆ ಹೊಡೆಯಿರಿ ಅಂತ ನಾನು ಪಿಸುಗುಟ್ಟಿದರೆ ಕೆಳಗಿನಿಂದ ಅಪ್ಪ, "ಯಾಕ್ರಪ್ಪ, ಉಂಡಿಲ್ವಾ? ಜೋರಾಗ್ ಒಡೀರಿ!" ಅಂತ ಕೂಗುತ್ತಿದ್ದ. ಪ್ರಪಂಚದಲ್ಲಿ ನನಗೆ ಯೋಚನೆ ಇಲ್ಲದ ಜಾಗ ಇದ್ದದ್ದು ಅದೊಂದೇ. ಅದನ್ನೂ ಮನೆಗೆ ತಂದು ಅಪ್ಪನ ತಲೆಯ ಮೇಲೆ ಇಟ್ಟುಕೊಂಡಿದ್ದೆ. ನನ್ನ ಬುದ್ಧಿಗೆ ಏನನ್ನಬೇಕು?

ಬೆಳಿಗ್ಗೆ ಎಚ್ಚರವಾದ ತಕ್ಷಣ ಅಪ್ಪನ ಕೆಮ್ಮು ಕೇಳಿಸುತ್ತದಾ ಅಂತ ಕಿವಿಗೊಡುವುದು ಅಭ್ಯಾಸವಾಯಿತು. ಕೇಳಿಸಿದರೆ ಏಳುತ್ತಿದ್ದೆ. ಆಮೇಲೆ ಅಪ್ಪ ಕೊಟ್ಟಿಗೆಗೆ ಹೋದಾಗ ಒಳಗೆ ಹೋಗಿ ಬಿರುಕು ನೋಡುತ್ತಿದ್ದೆ. ಅದು ಬೆಳೆದಿರಲಿಲ್ಲ. ಆದರೆ ನಾನು ಎಳೆದ ಗೀಟೇ ದಪ್ಪ, ಒಳಗೊಳಗೆ ಸ್ವಲ್ಪ ಬೆಳೆದಿದ್ದರೆ ಕಾಣುವುದು ಹೇಗೆ ಅಂತ ಮತ್ತೆ ಶುರುವಾಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಬಿಳಿ ಚೆಂಡನ್ನು ಟೇಬಲ್ಲಿನ ಮಧ್ಯಕ್ಕಿಟ್ಟು ಕೋಲಿಗೆ ಸೀಮೆಸುಣ್ಣ ಉಜ್ಜುತ್ತಿದ್ದೆ. ಚೆಂಡು ತನ್ನಷ್ಟಕ್ಕೆ ತಾನು ಹೊರಟಿತು. ಯಾರೂ ಮುಟ್ಟಿಲ್ಲ, ಗಾಳಿಯಿಲ್ಲ. ಮೆಲ್ಲಗೆ, ಬಹಳ ಮೆಲ್ಲಗೆ ಕಿಟಕಿ ಕಡೆಯ ಮೂಲೆಗೆ ಉರುಳಿ ನಿಂತಿತು. ಮತ್ತೆ ಇಟ್ಟೆ, ಮತ್ತೆ ಅಲ್ಲಿಗೇ ಹೋಯಿತು. ಕಾಲು ಇಳಿದಿದೆಯೋ, ನೆಲವೇ ಇಳಿದಿದೆಯೋ? ಫಿಟ್ಟರಿಗೆ ಫೋನ್ ಮಾಡಿದರೆ, "ಹೊಸದ್ರಲ್ಲಿ ಟೇಬಲ್ ಸ್ವಲ್ಪ ಕೂರುತ್ತೆ ಸಾರ್, ಭಯ ಬೀಳಬೇಡಿ" ಅಂದ. ಟೇಬಲ್ಲು ಕೂತರೆ ಸರಿ, ಮನೆ ಕೂತರೆ? ಹೆಂಡತಿ ಬಂದು ನೋಡಿ, ಮಗಳ ಹಳೆಯ ನೋಟ್‌ಬುಕ್ಕಿನ ರಟ್ಟು ಹರಿದು ಕಾಲಿನ ಕೆಳಗೆ ಸಿಕ್ಕಿಸಲು ಹೇಳಿದಳು. ಸಿಕ್ಕಿಸಿದ ಮೇಲೆ ಚೆಂಡು ನಿಂತಿತು, ನನ್ನ ಯೋಚನೆ ನಿಲ್ಲಲಿಲ್ಲ. ಕೆಳಗೆ ಬಂದು ಅಪ್ಪನಿಗೆ ಏನೂ ಹೇಳದೆ, ಜಗಲಿಯಲ್ಲೇ ಮಲಗಿಕೋ, ಒಳಗೆ ಸೆಕೆ ಅಂತ ಅಂದೆ. "ಚೆಂಡು ಉರ್ಳಿದ್ದು ಕೇಳ್ತು ಕಣ್ಲಾ" ಅಂದ ಅಪ್ಪ.

ಅದಾದ ಸ್ವಲ್ಪ ದಿನಕ್ಕೆ, ಭಾನುವಾರದ ಊಟ ಮುಗಿದ ಮೇಲೆ, ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತ, "ಮಾವನಿಗೆ ಏನಾಗಿದೆ ಅಂತ" ಅಂದಳು. "ಅತ್ತೆ ಕೆಮ್ಮಿದ್ರೆ ನಿದ್ದೆ ಬರಲ್ಲ ಅಂತ ಅವ್ರನ್ನ ನಮ್ಮ ಮಗಳ ರೂಮಿಗೆ ಕಳಿಸಿದ್ರು. ಸರಿ. ಮೊನ್ನೆ ಇಲಿ ಕಾಟ ಅಂತ ಬಿತ್ತನೆ ಬತ್ತದ ಮೂಟೆ ಈಚೆಗೆ ಹಾಕಿದ್ರು. ಇವತ್ತು ನೋಡಿದ್ರೆ ದೇವರ ಪಟಾನೂ ತಂದು ನಡುಮನೇಲಿ ಇಟ್ಟಿದ್ದಾರೆ. ಆ ರೂಮಲ್ಲಿ ಈಗ ಮಾವನ ಮಂಚ ಬಿಟ್ರೆ ಒಂದು ಚೊಂಬೂ ಇಲ್ಲ."

ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. ದಿನಾ ಆ ರೂಮಿಗೆ ಹೋಗಿಯೂ ನಾನು ಮೇಲಿನ ಬಿರುಕು ಬಿಟ್ಟು ಬೇರೇನೂ ನೋಡಿರಲಿಲ್ಲ. ಅವ್ವನ ಕೆಮ್ಮು ಇವತ್ತಿನದಲ್ಲ, ಇಲಿಯೂ ಇವತ್ತಿನದಲ್ಲ. ಮೋಲ್ಡಿನ ಮೇಲೆ ಅಷ್ಟು ನಂಬಿಕೆ ಇದ್ದವನು ಅದರ ಕೆಳಗಿನಿಂದ ಅವ್ವನನ್ನು, ಬೀಜವನ್ನು, ದೇವರನ್ನು ಯಾಕೆ ಆಚೆಗೆ ಕಳಿಸಿದ? ಅಪ್ಪನಿಗೂ ಭಯವಿತ್ತು. ನನಗಿದ್ದಷ್ಟೇ, ಬಹುಶಃ ಇನ್ನೂ ಹೆಚ್ಚೇ. ಅದನ್ನು ಬಾಯಲ್ಲಿ ಹೇಳಲಾರದೆ, ಬೀಳುವುದಾದರೆ ತನ್ನೊಬ್ಬನ ಮೇಲೇ ಬೀಳಲಿ ಅಂತ ಅಲ್ಲಿ ಮಲಗುತ್ತಿದ್ದ. ನನಗೆ ಅಳು ಬಂತು. ಕೋಪವೂ ಬಂತು.

ಚಾಪೆ ತೆಗೆದುಕೊಂಡು ಆ ರೂಮಿಗೆ ಹೋದೆ. ಅಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದ, ಕಣ್ಣು ಬಿಟ್ಟುಕೊಂಡೇ ಇದ್ದ. ಮಂಚದ ಪಕ್ಕ ನೆಲಕ್ಕೆ ಚಾಪೆ ಹಾಸಿ ಮಲಗಿದೆ.

"ಏನ್ಲಾ?"

"ಮನಿಕ್ಕೊತೀನಿ."

"ಇಲ್ಯಾಕೆ? ನಿನ್ ರೂಮ್ಗೆ ಓಗು."

"ಇಲ್ಲೇ ತಣ್ಣಗದೆ."

ಫ್ಯಾನು ತಿರುಗುತ್ತಿತ್ತು. ಅದರ ಪಕ್ಕದಲ್ಲಿ ನನ್ನ ಗೀಟು, ಗೀಟಿನ ನಡುವೆ ಬಿರುಕು. ಕೆಳಗೆ ಮಲಗಿ ನೋಡಿದರೆ ಅದು ಬಹಳ ಹತ್ತಿರ ಕಾಣುತ್ತದೆ. ಅಷ್ಟು ದಿನ ಅಪ್ಪ ಅದನ್ನು ಹೀಗೆ ನೋಡಿಕೊಂಡಿದ್ದ.

"ಏಳ್ಲಾ ಮ್ಯಾಕೆ" ಅಂದ.

"ಯಾಕೆ? ಮೋಲ್ಡ್ ಗಟ್ಟಿಯಾಗದೆ ಅಂದೆಯಲ್ಲ."

"ಮಾತ್ ಬ್ಯಾಡ. ಏಳು."

"ನೀ ಎದ್ರೆ ಏಳ್ತೀನಿ."

ಅಪ್ಪ ಎದ್ದು ಕೂತ. ಬೈಯುತ್ತಾನೆ ಅಂದುಕೊಂಡೆ. ಅವನು ನನ್ನ ರೆಟ್ಟೆಗೆ ಕೈ ಹಾಕಿದ. ಎಳೆಯಲು ನೋಡಿದ, ನಾನು ಅಲುಗಲಿಲ್ಲ. "ಮಗಿನ್ ತಂದೆ ಕಣ್ಲಾ ನೀನು, ಎದ್ ಬಾಪ್ಪ ಈಚೆಗೆ" ಅಂದ. ನನಗೆ ಬುದ್ಧಿ ಬಂದ ಮೇಲೆ ಅಪ್ಪ ನನ್ನನ್ನು ಹಾಗೆ ಬೇಡಿಕೊಂಡದ್ದು ನಾನು ಕೇಳಿರಲಿಲ್ಲ.

ಇಬ್ಬರೂ ಎದ್ದು ಜಗಲಿಗೆ ಬಂದೆವು. ಬಿಸಿಲು ಇಳಿದಿರಲಿಲ್ಲ. ಅಪ್ಪ ರಸ್ತೆಯ ಕಡೆ ಮುಖ ಮಾಡಿ ಕೂತ.

"ಇಳ್ಸುಬುಡು ಅದ್ನ. ಟ್ರ್ಯಾಕ್ಟ್ರು ಸೆಡ್ಡಲ್ಲಿ ಆಕ್ಕೊ" ಅಂದ. ಆಮೇಲೆ ನನ್ನ ಕಡೆ ನೋಡದೆ, "ಕೇಳ್ದೋರ್ಗೆ ಸದ್ದು ತಡ್ಯಕಾಗ್ನಿಲ್ಲ ಅಂತ ಯೋಳು. ಮುದ್ಕಂಗೆ ಸದ್ದಿಗೆ ನಿದ್ದೆ ಬರ್ನಿಲ್ಲ, ಅದ್ಕೆ ಇಳ್ಸುದೋ ಅಂತ."

"ಊಂ" ಅಂದೆ.

ಟೇಬಲ್ ಬಿಚ್ಚಿ ಇಳಿಸುವ ದಿನ ಅಕ್ಕಪಕ್ಕದವರು ಕೈ ಕೊಡಲು ಬಂದಿದ್ದರು. ಮೆಟ್ಟಿಲ ತಿರುವಿನಲ್ಲಿ ಎಲ್ಲರ ಉಸಿರು ಕಟ್ಟುತ್ತಿರುವಾಗ ಎದುರು ಮನೆಯವನು, "ಅಲ್ಲ ಕಣಣ್ಣ, ಅಷ್ಟು ಕಷ್ಟ ಬಿದ್ದು ಮ್ಯಾಕೆ ಏರ್ಸಿ ಈಗ ಯಾಕ್ ಇಳ್ಸದು?" ಅಂತ ಕೇಳಿಯೇಬಿಟ್ಟ. ಕೆಳಗಿನ ಮೆಟ್ಟಿಲ ಹತ್ತಿರ ಅಪ್ಪ ನಿಂತಿದ್ದ. ಅವನು ನನ್ನ ಮುಖ ನೋಡಿದ.

ಚಪ್ಪಡಿಯ ತುದಿ ನನ್ನ ಹೆಗಲ ಮೇಲಿತ್ತು. "ಇದ್ರ ಸದ್ದು ತಡ್ಯಕಾಗ್ನಿಲ್ಲ ಅಪ್ಪಂಗೆ. ಇದು ಮ್ಯಾಲಿದ್ದಷ್ಟು ದಿವ್ಸ ಅವ್ನು ಕಣ್ಣಿಗೆ ಕಣ್ಣು ಅಂಟುಸ್ಲಿಲ್ಲ" ಅಂದೆ. ಅಪ್ಪ ತಲೆ ತಗ್ಗಿಸಿ ಮುಂದೆ ಬಂದು, ಬೇಡ ಬೇಡ ಅಂದರೂ ಕೇಳದೆ ನನ್ನ ಪಕ್ಕ ಕಲ್ಲಿನ ಅಡಿಗೆ ಹೆಗಲು ಕೊಟ್ಟ.